ಸೋಡಾ ಬಿಟ್ಟ ಕೈ

ಎಲ್ಲರೂ ನಕ್ಕರು ಕಣೋ ಫೆರ್ಮಿನ್, ನಾನೊಬ್ಬನೇ ನಗಲಿಲ್ಲ. ನಿನ್ನ ಸಿನಿಮಾದ ಟ್ರೇಲರನ್ನು ನಲವತ್ತು ಸಲ ನೋಡಿ, ನೀನು ಬಿಟ್ಟುಹೋದ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರ ತಲೆ ತಿಂದಿದ್ದ ನಾನೇ ಇವತ್ತು ಮೊದಲ ಸಾಲಿನಲ್ಲಿ ಕೂತಿದ್ದೆ. ಇಬ್ಬರು ಗೆಳೆಯರು, ಮೆಂಡೋಸಾದ ದ್ರಾಕ್ಷಿ ತೋಟ, ವೈನು, ತಮಾಷೆ. ಎಲ್ಲಾ ನಮ್ಮದೇ ಕಥೆ.

ಆಮೇಲೆ ಆ ಸೀನ್ ಬಂತು. ಸ್ಪರ್ಧೆಯ ತೀರ್ಪುಗಾರರಿಗೆಂದು ತೋಟದ ಯಜಮಾನನಾದ ತಾತ ಇಪ್ಪತ್ತು ವರ್ಷ ಕಾಪಾಡಿದ ವೈನನ್ನು ಜಗ್ಗಿಗೆ ಬಗ್ಗಿಸಿಟ್ಟಿರುತ್ತಾನೆ. ಒಬ್ಬ ಪೆದ್ದ ಅದನ್ನು ದಿನಾ ಊಟಕ್ಕೆ ಸೋಡಾ ಬೆರೆಸಿ ಕುಡಿಯುವ ವೈನು ಅಂದುಕೊಂಡು ಅದಕ್ಕೆ ಸೋಡಾ ಬಿಡುತ್ತಾನೆ. ಆ ಪೆದ್ದನಿಗೆ ನನ್ನ ಹೆಸರು! ನಿನ್ನ ಪಾತ್ರ ಅವನನ್ನು ತಬ್ಬಿಕೊಂಡು ಕ್ಷಮಿಸುತ್ತೆ.

ಹೊರಗೆ ಬೇಕರಿ ನೆಲಿದಾ ಅತ್ತೆ ಸಿಕ್ಕಿ, "ಏ ಸೋಡಾ ಮಹಾರಾಯ, ಫೆರ್ಮಿನ್‌ದು ಎಷ್ಟು ದೊಡ್ಡ ಮನಸ್ಸೋ!" ಅಂದ್ರು. ನಾನು ಹೂಂ ಅಂದೆ.

ನಿಜವಾಗಿ ಅದು ನಡೆದ ದಿನ ನಾನು ನನ್ನ ತಾತನ ಮುಂದೆ "ಸೋಡಾ ಬಿಟ್ಟಿದ್ದು ನಾನೇ" ಅಂದಿದ್ದು, ಅವರ ಹತ್ತಿರ ನಿನ್ನ ಕೆಲಸ ಉಳೀಲಿ ಅಂತ. ತಾತ ಸಾಯೋವರೆಗೂ ನನ್ನನ್ನು ವೈನಿನ ನೆಲಮಾಳಿಗೆಗೆ ಇಳಿಯೋಕೆ ಬಿಡಲಿಲ್ಲ.

ಇದನ್ನು ನಿನಗೆ ಕಳಿಸಲ್ಲ. ಆದರೆ ನಾಳೆ ಯಾರಾದರೂ ಮೈಕ್ ಹಿಡಿದು ಕೇಳಿದರೆ ಹೇಳ್ತೀಯೇನೋ, ಆ ಸೋಡಾ ಬಿಟ್ಟಿದ್ದು ಯಾರ ಕೈ ಅಂತ?