ಸುಮ್ಮನಿರುವ ಮೈಕು

ಕೊಪ್ಪ
೧೪ ಡಿಸೆಂಬರ್ ೨೦೨೪, ಶನಿವಾರ

ಮಾನ್ಯ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ಮುಂದಿನ ಸಾಲಿನಲ್ಲಿ ಕುಳಿತು ಮೊಬೈಲ್ ನೋಡುತ್ತಿರುವ ಪೋಷಕರೇ, ಹಿಂದಿನ ಸಾಲಿನಲ್ಲಿ ಊಟ ಎಷ್ಟು ಹೊತ್ತಿಗೆ ಎಂದು ಪಿಸುಗುಡುತ್ತಿರುವ ಬಂಧುಗಳೇ, ಹಾಗೂ ಇಷ್ಟು ಜನರ ನಡುವೆ ನಿಜವಾಗಿ ಇರುವ ಒಬ್ಬಳೇ ಒಬ್ಬಳಾದ ಪ್ರೀತಿಯ ಮೆಹ್ನಾಜ್,

‘ಮೆಚ್ಚಿನ ಹಾಡನ್ನು ಕೂಲಂಕಷವಾಗಿ ಪರೀಕ್ಷಿಸುತ್ತಲೇ ಅದನ್ನು ಸುಮ್ಮನೆ ಕೇಳಿ ಸುಖಪಡುವುದು ಹೇಗೆ’ ಎಂಬ ಗಹನವಾದ ವಿಷಯದ ಮೇಲೆ ನಾಲ್ಕು ಮಾತಾಡಲು ನನಗೆ ಅವಕಾಶ ಸಿಕ್ಕಿದೆ. ಕೊಟ್ಟವಳೂ ನಾನೇ. ಮೈಕಿನ ಮುಂದೆ ನಿಲ್ಲದವಳಿಗೆ ಕಾಗದದ ಮೇಲಾದರೂ ಒಂದು ಸಭೆ ಇರಲಿ. ಒಂದೂವರೆ ತಿಂಗಳಿಂದ ನಿನ್ನ ಫೋನ್ ಎತ್ತದೆ, ವಾಟ್ಸಾಪಿನಲ್ಲಿ ಕೆಲಸ ನಡೀತಿದೆ ಎಂದಷ್ಟೇ ಹಾಕಿ, ಈಗ ಹಳೇ ಕಾಲದವರ ಹಾಗೆ ಕಾಗದ ಬರೆಯುತ್ತಿದ್ದೇನೆ. ಮಾತಿನಲ್ಲಿ ನೀನು ಯಾವಾಗಲೂ ನನ್ನನ್ನು ಸೋಲಿಸಿದ್ದೀಯ. ಬರೆಯುವುದರಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲಬಲ್ಲೆ.

ಸಭಿಕರಿಗೆ ಹಿನ್ನೆಲೆ ಗೊತ್ತಿಲ್ಲ. ಅದನ್ನು ಮೊದಲು ಹೇಳಿಬಿಡುತ್ತೇನೆ, ನೀನು ಆಕಳಿಸಬೇಡ.

೨೦೦೦ನೇ ಇಸವಿಯ ಫೆಬ್ರವರಿ. ನರಸಿಂಹರಾಜಪುರದಲ್ಲಿ ಕೊನೇ ವರ್ಷದ ಬಿ.ಎ. ಓದುತ್ತಿದ್ದ ಇಬ್ಬರು ಹುಡುಗಿಯರು ಕಾಲೇಜಿನ ವಾರ್ಷಿಕೋತ್ಸವಕ್ಕೆಂದು ಒಂದು ಹಾಡು ಮಾಡಿದರು. ಪದ ಅರ್ಪಣಾಳದು, ರಾಗ ಮೆಹ್ನಾಜಳದು, ಹಾಡುವುದು ಇಬ್ಬರೂ ಎಂದು ಮಾತಾಗಿತ್ತು. ಪ್ರಾಸವಿಲ್ಲದೆ ಉಸಿರಾಡಲೂ ಬಾರದ ವಯಸ್ಸು ನನ್ನದು.

ಹಿನ್ನೀರ ಮೇಲೆ ಬೆಳಕು ಬಂತು,
ನಿನ್ನೂರ ದೋಣಿ ದಡಕೆ ನಿಂತು,
ಇನ್ನಾರ ಕರೆಗೆ ಕಾದೆ ಗೆಳತಿ,
ಮುನ್ನೂರು ಮಾತು ಉಳಿದೇ ಹೋಯ್ತು.

ವಯಸ್ಸು ಹೋಯಿತು, ಪ್ರಾಸ ಹೋಗಲಿಲ್ಲ. ಈಗ ಕೊಪ್ಪದ ಪ್ರೆಸ್ಸಿನಲ್ಲಿ ಕೂತು ಮದುವೆ ಕಾರ್ಡಿಗೆ ‘ಬಾಳೆಯ ಕಂಬ ಬಾಗಿಲಿಗೆ, ನಾಳೆಗೆ ನೀವು ಊಟದೆಲೆಗೆ’ ಎಂದು ಬರೆಯುತ್ತೇನೆ. ಉಳಿದ ಹೊತ್ತು ಕರಡು ತಿದ್ದುತ್ತೇನೆ. ಹೆರವರ ತಪ್ಪು ಹುಡುಕುವುದೇ ಹೊಟ್ಟೆಪಾಡು. ಈ ಕಸುಬು ಮುಂದಿನ ಕಥೆಗೆ ಬೇಕಾಗುತ್ತದೆ.

ಹಾಡನ್ನು ತುಂಬಿಸಿದ್ದು ಬಸ್ ಸ್ಟ್ಯಾಂಡಿನ ಹಿಂದಿದ್ದ ವಾಸಪ್ಪನವರ ರೆಕಾರ್ಡಿಂಗ್ ಅಂಗಡಿಯಲ್ಲಿ. ಇದ್ದದ್ದು ಒಂದೇ ಕೋಣೆ. ನಡುವೆ ಜೋಡಿ ಕಂಬಳಿಯ ಪರದೆ ಕಟ್ಟಿದ್ದರು. ಆಚೆಗೆ ನೀನು, ಶ್ರುತಿಪೆಟ್ಟಿಗೆ, ಒಂದು ಮೈಕು. ಈಚೆಗೆ ನಾನು, ಇನ್ನೊಂದು ಮೈಕು. ಒಬ್ಬರ ದನಿ ಇನ್ನೊಬ್ಬರ ಮೈಕಿಗೆ ಹೋಗಬಾರದು, ಅದಕ್ಕೇ ಕಂಬಳಿ ಎಂದು ವಾಸಪ್ಪ ಹೇಳಿದರು. ನಾನು ಕಣ್ಣು ಮುಚ್ಚಿ ಹಾಡಿದೆ. ಮುಗಿದದ್ದೇ ನೀನು ಕಂಬಳಿ ಸರಿಸಿ ಗಂಟಲು ಮುಟ್ಟಿ ತೋರಿಸಿದೆ. ಎದುರಿನ ಅಂಗಡಿಯಿಂದ ಕಲ್ಲುಸಕ್ಕರೆ ತರಲು ನಾನು ಓಡಿದೆ.

ಸಂಜೆ ಕ್ಯಾಸೆಟ್ ಹಾಕಿ ಕೇಳಿದರೆ ಅದರಲ್ಲಿ ನೀನೊಬ್ಬಳೇ. ನನ್ನ ಮುಖ ನೋಡಿ ನೀನು ಹೆಗಲ ಮೇಲೆ ಕೈ ಹಾಕಿ ಹೇಳಿದ್ದು ಅಕ್ಷರಶಃ ನೆನಪಿದೆ. “ಕೆಲವರ ದನಿ ಮೈಕಿಗೆ ಹತ್ತೋದಿಲ್ಲ ಕಣೇ. ಬೇಜಾರ್ ಮಾಡ್ಕೋಬೇಡ.”

ನಾನು ಬೇಜಾರು ಮಾಡಿಕೊಳ್ಳಲಿಲ್ಲ, ನಂಬಿದೆ. ಅಷ್ಟು ನಂಬಿದೆ ಎಂದರೆ ಮದುವೆಮನೆಯಲ್ಲಿ ಆರತಿ ಹಾಡಿಗೆ ಕರೆದರೆ, ನನ್ನ ದನಿ ಮೈಕಿಗೆ ಹತ್ತೋದಿಲ್ಲ ಎಂದು ಡಾಕ್ಟರ ಚೀಟಿ ತೋರಿಸಿದ ಹಾಗೆ ಹೇಳಿ ಕೂತುಬಿಡುತ್ತಿದ್ದೆ. ಅಲ್ಲಿ ಮೈಕೇ ಇರುತ್ತಿರಲಿಲ್ಲ. ಆಮೇಲಾಮೇಲೆ ಬಚ್ಚಲಲ್ಲೂ ಹಾಡುವುದು ನಿಂತಿತು. ಮಗ ಈಶಾನ ಹುಟ್ಟಿದಾಗ ತೊಟ್ಟಿಲ ಹತ್ತಿರ ಟೇಪ್‌ರೆಕಾರ್ಡರ್ ಇಟ್ಟು ನಿನ್ನ ಹಾಡು ಹಾಕುತ್ತಿದ್ದೆ. ನನ್ನ ಮಗ ನಿದ್ದೆ ಹೋದದ್ದು ನಿನ್ನ ದನಿಗೆ, ಮೆಹ್ನಾಜ್. ಇದನ್ನು ಮೊದಲು ಹೆಮ್ಮೆಯಿಂದ ನಿನಗೆ ಹೇಳಿದ್ದೆ. ಈಗ ಸುಮ್ಮನೆ ಹೇಳುತ್ತಿದ್ದೇನೆ.

ಆದರೂ ಆ ಹಾಡು ನನಗೆ ಎಷ್ಟು ಬೇಕಾಗಿತ್ತು ಎಂದು ಸಭೆಗೆ ಗೊತ್ತಾಗಬೇಕು. ಇಪ್ಪತ್ತನಾಲ್ಕು ವರ್ಷ, ಟೇಪ್ ಹರಿದಾಗ ಅಂಟಿಸಿ, ಬೂಷ್ಟು ಬಂದಾಗ ಬಿಸಿಲಿಗಿಟ್ಟು ಕೇಳಿದ್ದೇನೆ. ಎರಡನೇ ಚರಣದಲ್ಲಿ ನಿನ್ನ ದನಿ ಮೇಲಕ್ಕೆ ಹೋಗುವ ಕಡೆ ಹಿಂದೆ ಇನ್ನೊಂದು ದನಿ ಸಣ್ಣದಾಗಿ ಎಳೆದುಕೊಂಡು ಬರುತ್ತದೆ. ಅದು ನಾನು ಎಂದುಕೊಂಡಿದ್ದೆ. ಮೈಕಿಗೆ ಹತ್ತದಿದ್ದರೂ ಗೋಡೆಗೆ ತಾಗಿಯೋ ಕಂಬಳಿ ಸಂದಿಯಿಂದಲೋ ನುಸುಳಿ ಒಂದು ಕಡೆ ಇದ್ದೇನಲ್ಲ ಎಂದು, ಆ ಜಾಗ ಬಂದಾಗ ಮಾಡುತ್ತಿದ್ದ ಕೆಲಸ ಬಿಟ್ಟು ನಿಲ್ಲುತ್ತಿದ್ದೆ. ಒಗ್ಗರಣೆ ಸೀದದ್ದೂ ಇದೆ.

ಹೀಗಿರುವಾಗ ಅಕ್ಟೋಬರಿನಲ್ಲಿ ನಿನ್ನ ಫೋನ್ ಬಂತು. ಶೃಂಗೇರಿಯ ನಿನ್ನ ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳು ನಮ್ಮ ಹಾಡಿಗೆ ಕುಣಿಯುತ್ತಾರೆ, ನಿನ್ನ ಮೊಬೈಲಿನಲ್ಲಿರುವುದು ಬರೀ ಸುಂಯ್ ಎನ್ನುತ್ತದೆ, ಮೂಲ ಕ್ಯಾಸೆಟ್ ನನ್ನ ಹತ್ತಿರ ಇದೆಯಲ್ಲ, ಸ್ವಚ್ಛ ಮಾಡಿಸಿ ಕಳಿಸು ಎಂದು ನೀನಂದೆ. ‘ಸಾಹಿತ್ಯ: ಅರ್ಪಣಾ, ಕೊಪ್ಪ’ ಎಂದು ವೇದಿಕೆಯಿಂದ ಹೇಳಿಸುತ್ತೇನೆ ಎಂದೂ ಅಂದೆ. ನಾನು ಕುಣಿದುಬಿಟ್ಟೆ, ಶಾಲೆಯ ಮಕ್ಕಳಿಗಿಂತ ಮೊದಲು.

ಇಲ್ಲಿ ಮೈಕ್ ಸೆಟ್ ಇಟ್ಟಿರುವ ಕಾಂತೇಶ್ ನಮ್ಮ ಪ್ರೆಸ್ಸಿಗೆ ಬಂದು ಕಂಪ್ಯೂಟರಿಗೆ ಕ್ಯಾಸೆಟ್ ಇಳಿಸಿಕೊಟ್ಟ, ಒಂದು ದೊಡ್ಡ ಹೆಡ್‌ಫೋನ್ ಕೊಟ್ಟ, ಕೆಲಸ ಕಲಿಸಿದ. ಹಾಡು ಪರದೆಯ ಮೇಲೆ ಗುಡ್ಡದ ಸಾಲಿನ ಹಾಗೆ ಕಾಣುತ್ತದೆ. ಯಾವ ಗುಡ್ಡವನ್ನು ಬೇಕಾದರೂ ಹಿಗ್ಗಿಸಿ ನೋಡಬಹುದು, ಒಂದು ಉಸಿರನ್ನೂ ಬೇರೆ ಮಾಡಿ ಕೇಳಬಹುದು. ಕರಡು ತಿದ್ದುವವಳ ಕೈಗೆ ಇದನ್ನು ಕೊಡಬಾರದಿತ್ತು. ಮೊದಲ ವಾರವೇ ನಿನ್ನ ಹನ್ನೊಂದು ತಪ್ಪು ಹುಡುಕಿದೆ. ಮೂರು ಕಡೆ ಶ್ರುತಿಯಿಂದ ಇಳಿದಿದ್ದೀಯ, ‘ಹಿನ್ನೀರ’ ಎನ್ನುವಲ್ಲಿ ಮೂಗಿನಿಂದ ಹಾಡಿದ್ದೀಯ. ನಗು ಬಂತು, ಪ್ರೀತಿಯೂ ಬಂತು.

ಎರಡನೇ ವಾರ ಎರಡನೇ ಚರಣಕ್ಕೆ ಬಂದೆ. ಹಿಂದೆ ಎಳೆದುಕೊಂಡು ಬರುವ ಆ ದನಿಯನ್ನು ಬೇರೆ ಮಾಡಿದೆ. ಅದು ಶ್ರುತಿಪೆಟ್ಟಿಗೆ. ಇಪ್ಪತ್ತನಾಲ್ಕು ವರ್ಷ ನಾನು ಒಂದು ಪೆಟ್ಟಿಗೆಯನ್ನು ನಾನೆಂದುಕೊಂಡು ಒಗ್ಗರಣೆ ಸೀಯಿಸಿದ್ದೆ. ಹೋಗಲಿ, ಹಾಡಿನ ತುಂಬ ನನ್ನ ಪದ ಇದೆಯಲ್ಲ ಎಂದು ಹೆಡ್‌ಫೋನನ್ನು ಸರಿಯಾಗಿ ಕೂರಿಸಿಕೊಂಡೆ. ಅಲ್ಲೇ ನಿಲ್ಲಿಸಬೇಕಿತ್ತು.

ಸುಂಯ್ ಎನ್ನುವುದನ್ನು ತೆಗೆಯಲು ಒಂದು ಕ್ರಮ ಇದೆ. ಹಾಡಿಲ್ಲದ, ಬರೀ ಸುಂಯ್ ಇರುವ ಒಂದು ತುಂಡನ್ನು ಕಂಪ್ಯೂಟರಿಗೆ ತೋರಿಸಬೇಕು. ಅದು ಆ ಸದ್ದನ್ನು ಗುರುತಿಟ್ಟುಕೊಂಡು ಇಡೀ ಹಾಡಿನಿಂದ ತೆಗೆಯುತ್ತದೆ. ಅಂಥ ತುಂಡು ಹಾಡು ಮುಗಿದ ಮೇಲೆ ಇತ್ತು. ಟೇಪನ್ನು ತಟ್ಟನೆ ನಿಲ್ಲಿಸಿದರೆ ಟಕ್ ಎನ್ನುತ್ತದೆಂದು ವಾಸಪ್ಪ ಸದ್ದಿನ ಗುಂಡಿಯನ್ನು ಮೆಲ್ಲಗೆ ಇಳಿಸಿ, ಟೇಪನ್ನು ಅದರ ಪಾಡಿಗೆ ಓಡಲು ಬಿಡುತ್ತಿದ್ದರು. ಗುಂಡಿ ಪೂರ್ತಿ ಇಳಿದಿರಲಿಲ್ಲ. ಸುಂಯ್ ನಡುವೆ ಪರದೆಯ ಮೇಲೆ ಸಣ್ಣ ಸಣ್ಣ ದಿಬ್ಬ ಕಂಡವು. ಎಷ್ಟು ಏರಿಸಬಹುದೋ ಅಷ್ಟು ಏರಿಸಿದೆ.

ಒಂಬತ್ತು ಸೆಕೆಂಡು. ಸಭಿಕರು ದಯವಿಟ್ಟು ಶಾಂತವಾಗಿರಬೇಕು.

“ವಾಸಣ್ಣ, ಅವಳ ದನಿ ಒಂಚೂರೂ ಬಂದಿಲ್ಲ ತಾನೇ?”

“ಎಲ್ಲಿಂದ ಬರುತ್ತೆ? ಲೈನೇ ಇಲ್ಲ ಅದಕ್ಕೆ.”

“ಅವಳಿಗೆ ಹೇಳ್ಬೇಡಿ. ಪಾಪ, ಸಕ್ಕರೆ ತರೋಕೆ ಹೋಗಿದಾಳೆ.”

ಆಮೇಲೆ ನಿನ್ನ ನಗು. ಆ ನಗು ನನಗೆ ಚೆನ್ನಾಗಿ ಗೊತ್ತು, ಇಬ್ಬರೂ ಸೇರಿ ಬೇರೆಯವರ ಮೇಲೆ ನಗುವಾಗ ಬರುತ್ತಿದ್ದ ನಗು ಅದು.

ಮನೆಯಲ್ಲಿ ಕಲ್ಲೇಶ್‌ಗೆ ಹೇಳಿದೆ. ನಮ್ಮ ಮನೆಯವರು ಎಂಥವರೆಂದು ನಿನಗೆ ಗೊತ್ತು. ಗಡ್ಡ ಹೆರೆಯುವಾಗ ನಿನ್ನ ಹಾಡನ್ನು ತಪ್ಪು ತಪ್ಪಾಗಿ ಗುನುಗಿ, ಅಷ್ಟಕ್ಕೇ ತೃಪ್ತರಾಗಿ ಟವಲ್ ಕೇಳುವವರು. ಪೂರ್ತಿ ಕೇಳಿಸಿಕೊಂಡು ಅಂದರು, “ಹಾಡು ಮುಗಿದ ಮೇಲೂ ಕೇಳ್ತಾ ಕೂತಿದ್ದು ನಿಂದೇ ತಪ್ಪು ಮಾರಾಯ್ತಿ.” ಎರಡು ದಿನ ಮಾತು ಬಿಟ್ಟೆ. ಮೂರನೇ ದಿನ, ಇದ್ದರೂ ಇರಬಹುದು ಅನ್ನಿಸಿತು.

ನವೆಂಬರಿನಲ್ಲಿ ಗೃಹಪ್ರವೇಶದ ನೆಪದಲ್ಲಿ ಎನ್.ಆರ್. ಪುರಕ್ಕೆ ಹೋಗಿ ವಾಸಪ್ಪನವರನ್ನು ಹುಡುಕಿದೆ. ಎಂಬತ್ತರ ಹತ್ತಿರ, ಮಗಳ ಮನೆಯ ಜಗುಲಿಯಲ್ಲಿ ಕೂತಿರುತ್ತಾರೆ. ನಾನು ಯಾರೆಂದು ಹೇಳಲಿಲ್ಲ. ಹಿಂದೆ ನಿಮ್ಮಲ್ಲಿ ಎರಡು ಮೈಕಿನ ರೆಕಾರ್ಡಿಂಗ್ ಮಾಡುತ್ತಿದ್ದಿರಲ್ಲ ಎಂದು ತೆಗೆದೆ. ಮುದುಕರು ಖುಷಿಯಾಗಿ ನಕ್ಕರು.

“ಎರಡೆಲ್ಲಿತ್ತಮ್ಮ ನನ್ ಹತ್ರ? ಒಂದು ಹಾಡೋ ಮೈಕು, ಇನ್ನೊಂದು ಸುಮ್ನಿರೋ ಮೈಕು. ಜೊತೇಲಿ ಬಂದೋರಿಗೆ ಬೇಜಾರಾಗ್ಬಾರ್ದಲ್ಲ, ಅದಕ್ಕೆ.”

ಭಜನಾ ಮಂಡಳಿಯ ಅಧ್ಯಕ್ಷರಿಗೆ, ಹಾಡುವವರ ಭಾವನಿಗೆ, ಊರ ಪ್ರಮುಖರಿಗೆ ಅದೇ ಮೈಕಂತೆ. ಎಲ್ಲರೂ ಅದರ ಮುಂದೆ ಗಂಟಲು ಸರಿಮಾಡಿಕೊಂಡು ಹಾಡಿ, ತೃಪ್ತಿಯಿಂದ ಮನೆಗೆ ಹೋಗುತ್ತಿದ್ದರಂತೆ. ಯಾರಿಗೆ ಆ ಮೈಕು ಎಂದು ನೀವೇ ತೀರ್ಮಾನಿಸುತ್ತಿದ್ದಿರಾ ಎಂದು ಕೇಳಿದೆ.

“ನಾನ್ಯಾಕೆ? ಹಾಡೋರೇ ಹಿಂದಿನ ದಿನ ಬಂದು ಹೇಳಿ ಹೋಗೋರು. ಹೇಳಿದ್ರೆ ಮಾತ್ರ ಕಂಬಳಿ ಕಟ್ತಿದ್ದೆ.”

ಹಿಂದಿನ ದಿನ. ಆ ಮಧ್ಯಾಹ್ನ ಖಾಲಾ ಮನೆಗೆ, ಅದೇ ನಿನ್ನ ಚಿಕ್ಕಮ್ಮನ ಮನೆಗೆ, ಹೋಗಬೇಕೆಂದು ನೀನು ಕ್ಲಾಸಿಗೆ ಬಂದಿರಲಿಲ್ಲ. ಹಾಜರಿ ಕರೆದಾಗ ನಿನ್ನ ದನಿ ಮಾಡಿಕೊಂಡು ನಿನ್ನ ಪರವಾಗಿ ‘ಎಸ್ ಸಾರ್’ ಅಂದವಳು ನಾನು. ಸಾರ್‌ಗೆ ಗೊತ್ತಾಗಲಿಲ್ಲ. ಅಂದರೆ ನಿನ್ನ ದನಿಯ ಮಟ್ಟಕ್ಕೆ ನಾನು ಮುಟ್ಟುತ್ತಿದ್ದೆ ಎಂದಾಯಿತು.

ಕೊನೆಗೆ ಧೈರ್ಯ ಮಾಡಿ, ಸುಮ್ಮನಿರುವ ಮೈಕಿನಲ್ಲಿ ಹಾಡಿದವರ ದನಿ ಹೇಗಿರುತ್ತಿತ್ತು ಎಂದು ಕೇಳಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. “ಯಾರಿಗ್ಗೊತ್ತು? ಲೈನೇ ಕೊಟ್ಟಿರ್ಲಿಲ್ವಲ್ಲ.”

ಬಾಳೆಹೊನ್ನೂರಿನಲ್ಲಿ ಬಸ್ ಬದಲಿಸುವಾಗ ಇದನ್ನೇ ಯೋಚಿಸಿದೆ. ನಾನು ಚೆನ್ನಾಗಿ ಹಾಡುತ್ತಿದ್ದೆನೋ ಇಲ್ಲವೋ ಹೇಳಬಲ್ಲವರು ಲೋಕದಲ್ಲಿ ಯಾರೂ ಇಲ್ಲ, ನಿನ್ನನ್ನು ಬಿಟ್ಟು. ಕಂಬಳಿ ಎಷ್ಟೇ ದಪ್ಪವಿರಲಿ, ನಿನಗೆ ಕೇಳಿಸಿರುತ್ತದೆ. ಕೆಟ್ಟದಾಗಿತ್ತು ಎಂದಿದ್ದರೆ ಎರಡು ದಿನ ಅತ್ತು ಸುಮ್ಮನಾಗುತ್ತಿದ್ದೆ. ಚೆನ್ನಾಗಿತ್ತು, ಅದಕ್ಕೇ ಹೆದರಿದೆ ಎಂದಿದ್ದರೆ ಜಗಳವಾಡಿ ಆಮೇಲೆ ನಗುತ್ತಿದ್ದೆ. ನೀನು ಅಂದದ್ದು ‘ಪಾಪ’ ಎಂದು. ಹನ್ನೊಂದು ತಪ್ಪು ಕ್ಷಮಿಸಿದವಳಿಗೆ ಆ ಒಂದು ಪದವನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ.

ಇರಲಿ. ಸಭಿಕರು ವಿಷಯಕ್ಕೆ ಬನ್ನಿ ಎನ್ನುತ್ತಿದ್ದಾರೆ. ಪರೀಕ್ಷೆಯೂ ಸುಖವೂ ಒಟ್ಟಿಗೆ ಇರಬಹುದೇ? ಇರಬಹುದು ಎಂಬುದು ಈ ಭಾಷಣಕಾರ್ತಿಯ ನಮ್ರ ಅಭಿಪ್ರಾಯ. ನಾನು ಕಾದಂಬರಿ ಓದುವಾಗ ಕೆಂಪು ಪೆನ್ನನ್ನು ಪ್ರೆಸ್ಸಿನಲ್ಲೇ ಬಿಟ್ಟು ಬರುತ್ತೇನೆ. ಹಾಗೆಯೇ ಮನುಷ್ಯರಿಗೆ ಎರಡು ಕಿವಿ, ಒಂದು ಕೆಲಸದ್ದು, ಒಂದು ಮನೆಯದು. ಮೂರರಿಂದ ಐದರವರೆಗೆ ಹೆಡ್‌ಫೋನ್ ಹಾಕಿ ನಿನ್ನ ಉಸಿರು ಎಣಿಸುತ್ತೇನೆ. ಮನೆಗೆ ಬಂದು ಫ್ರಿಜ್ಜಿನ ಮೇಲಿನ ಹಳೇ ಟೇಪಿನಲ್ಲಿ ಅದೇ ಹಾಡು ಹಾಕಿ, ಪಲ್ಯ ಹೆಚ್ಚುತ್ತ, ಏನೂ ಹುಡುಕದೆ ಕೇಳುತ್ತೇನೆ. ಮೊದಲಿನಷ್ಟೇ ಚೆನ್ನಾಗಿದೆ. ಬೆಳಕು ಬರುತ್ತದೆ, ದೋಣಿ ನಿಲ್ಲುತ್ತದೆ. ಇಪ್ಪತ್ತನಾಲ್ಕು ವರ್ಷ ಕೇಳಿದ ಹಾಡನ್ನು ಒಂಬತ್ತು ಸೆಕೆಂಡಿಗಾಗಿ ಬಿಡುವಷ್ಟು ದಡ್ಡಿ ನಾನಲ್ಲ. ಆಗ ನಮಗೆ ಇಪ್ಪತ್ತೊಂದು. ಆ ವಯಸ್ಸಿನಲ್ಲಿ ಯಾರು ಏನು ತಾನೇ ಮಾಡಿಲ್ಲ?

ಹಾಡು ಸಿದ್ಧವಾಗಿದೆ. ಸುಂಯ್ ಪೂರ್ತಿ ಹೋಗಿದೆ, ಕೊನೆಯ ಒಂಬತ್ತು ಸೆಕೆಂಡನ್ನೂ ಕತ್ತರಿಸಿ ತೆಗೆದಿದ್ದೇನೆ. ಪೆನ್‌ಡ್ರೈವ್ ಇದೇ ಕವರಿನಲ್ಲಿದೆ. ಮುಂದಿನ ಶನಿವಾರದ ಕಾರ್ಯಕ್ರಮಕ್ಕೆ ಮೊದಲು ಕೈ ಸೇರುತ್ತದೆ. ಮಕ್ಕಳು ಚೆನ್ನಾಗಿ ಕುಣಿಯಲಿ. ನನ್ನ ಹೆಸರು ಹೇಳಿಸದಿದ್ದರೂ ನಡೆಯುತ್ತದೆ.

ಇಷ್ಟು ಹೇಳಿ, ತಾಳ್ಮೆಯಿಂದ ಕೇಳಿದ ತಮಗೆಲ್ಲ ವಂದಿಸಿ ನನ್ನ ಮಾತಿಗೆ ವಿರಾಮ ಕೊಡುತ್ತೇನೆ.

ಎಂದಿನ ಪ್ರೀತಿಯಿಂದ,
ಅರ್ಪಣಾ

ತಾ.ಕ.: ಎಲ್ಲರೂ ಊಟಕ್ಕೆ ಎದ್ದು ಹೋದರು, ಇನ್ನು ನಾವಿಬ್ಬರೇ. ಎರಡು ಕಿವಿಯ ಮಾತು ಸುಳ್ಳು. ಅಕ್ಟೋಬರ್ ಕೊನೆಯಿಂದ ನಾನು ಆ ಹಾಡನ್ನು ಒಮ್ಮೆಯೂ ಪೂರ್ತಿ ಕೇಳಿಲ್ಲ. ಹಾಕಿದರೆ ಮೊದಲ ಸಾಲಿನಿಂದಲೇ ಅದು ಮುಗಿಯುವುದನ್ನು ಕಾಯುತ್ತೇನೆ. ಕೊನೆಗೆ ಹಾಡು ಬಿಟ್ಟು ಆ ತುಂಡೊಂದನ್ನೇ ದಿನವೂ ಕೇಳತೊಡಗಿದೆ. ಪೆನ್‌ಡ್ರೈವಿನಲ್ಲಿ ಹಾಡಿಲ್ಲ, ಮೆಹ್ನಾಜ್. ಆ ಒಂಬತ್ತು ಸೆಕೆಂಡು ಮಾತ್ರ ಇದೆ, ಸ್ವಚ್ಛ ಮಾಡಿ, ಪೂರ್ತಿ ಸದ್ದಿನಲ್ಲಿ. ಹಾಡು ಬೇಕಿದ್ದರೆ ಬಸ್ ಹತ್ತಿ ಕೊಪ್ಪಕ್ಕೆ ಬಾ. ಅದನ್ನು ಒಬ್ಬಳೇ ಕೇಳಲು ನನ್ನಿಂದ ಆಗುತ್ತಿಲ್ಲ.