ಕೂಸಿನ ಔಷಧಿಗೆ ಬೀಗ ಜಡಿದವರಿಗೆ

ಆಸ್ಪತ್ರೆಯ ಮುಖ್ಯಾಧಿಕಾರಿಗಳೇ,

ಮಾನ್ಯರೇ ಎನ್ನಲು ನಾಲಿಗೆ ಏಳುತ್ತಿಲ್ಲ, ಕ್ಷಮಿಸುವುದೂ ಬೇಡ. ಹಸುಗೂಸು ನನ್ನ ಮೊಮ್ಮಗಳು ಫಿಟ್ಸ್ ಬಂದು ಸೆಟೆದುಕೊಂಡಾಗ ಅವಳ ಔಷಧಿ ನಿಮ್ಮ ಬೀರುವಿನಲ್ಲಿತ್ತು, ಬೀರುವಿನ ಕೀಲಿಕೈ ನಿಮ್ಮ ಜೇಬಿನಲ್ಲಿತ್ತು, ತಾವು ಮಾದಕವಸ್ತು ವಿರೋಧಿ ಸಭೆಯಲ್ಲಿ ಭಾಷಣ ಬಿಗಿಯುತ್ತಿದ್ದಿರಿ. ಆ ಬೀರುವನ್ನು ಮಾಂಸದ ಕತ್ತಿಯಿಂದ ಒಡೆದ ಕಸಾಯಿ ನಾನೇ. ದೂರಿನಲ್ಲಿ ನನ್ನನ್ನು ರಕ್ತಪಿಪಾಸು ಎಂದು ಬರೆಸಿದ್ದೀರಂತೆ. ಸಂತೋಷ. ರಕ್ತದ ಮಾತೇ ಆಡೋಣ.

ನನ್ನ ಅಂಗಡಿಯ ಕೈಮಾ ಯಂತ್ರಕ್ಕೆ ಮಗಳ ಕೈ ಸಿಕ್ಕಿ ಬೆರಳುಗಳು ಮಾಂಸದೊಂದಿಗೆ ಹೊರಬಂದವು. ನೋವಿಗೆಂದು ಅಫೀಮಿನ ಜಾತಿಯ ಮಾತ್ರೆ ಬರೆದದ್ದು ನಿಮ್ಮ ಆಸ್ಪತ್ರೆ. ತಿಂಗಳುಗಟ್ಟಲೆ ಬರೆದು, ಬಿಡಲಾರದ ಹಾಗೆ ಮಾಡಿದ್ದೂ ನಿಮ್ಮ ಆಸ್ಪತ್ರೆಯೇ. ಬಸುರಾದಾಗ ಅವಳೇ ಬಂದು ಎಲ್ಲ ಹೇಳಿಕೊಂಡಳು. ಒಮ್ಮೆಲೇ ನಿಲ್ಲಿಸಿದರೆ ಹೊಟ್ಟೆಯ ಕೂಸಿಗೆ ಅಪಾಯವೆಂದು ಅದೇ ಜಾತಿಯ ಬದಲಿ ಔಷಧಿ ಕೊಟ್ಟವರು ನಿಮ್ಮ ವೈದ್ಯರೇ. ಅವಳು ಒಂದು ದಿನವೂ ತಪ್ಪಿಸಲಿಲ್ಲ. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ತಾಯಿಯಿಂದ ಬರುತ್ತಿದ್ದ ಆ ಔಷಧಿ ನಿಂತು ಕೂಸು ಒದ್ದಾಡಬಹುದು, ಅದಕ್ಕೂ ಚಿಕಿತ್ಸೆ ಇದೆ ಎಂದು ಮೊದಲೇ ಹೇಳಿದ್ದರು.

ಒದ್ದಾಟವೆಂದರೇನು, ನೋಡಿದ್ದೀರಾ? ಕಿವಿ ಸೀಳುವ ಕೀರಲು ಅಳು. ಹಸಿವಿದ್ದರೂ ಮೊಲೆ ಹಿಡಿಯಲಾಗದ ಬಾಯಿ. ಕಾಲನ್ನು ಹಾಸಿಗೆಗೆ ಉಜ್ಜಿ ಉಜ್ಜಿ ಹಿಮ್ಮಡಿಯ ಚರ್ಮ ಸುಲಿದು ಬಟ್ಟೆಯೆಲ್ಲ ರಕ್ತ. ದೀಪ ಮಂಕು ಮಾಡಿದರು, ಮಗಳು ಎದೆಯಿಂದ ಇಳಿಸಲಿಲ್ಲ. ಸಾಲಲಿಲ್ಲ. ಮಕ್ಕಳ ಡಾಕ್ಟರು ಮಾರ್ಫಿನ್ ಹನಿ ಬರೆದರು. ಅದೂ ಅಫೀಮಿನ ಜಾತಿಯದೇ, ಆದರೆ ಕೂಸು ಶಾಂತವಾದ ಮೇಲೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬಿಡಿಸುವ ಔಷಧಿ. ಅವರು ಕೀಲಿಕೈ ಕೇಳಿದಾಗ ವಾರ್ಡಿನ ನಡುವೆ ನಿಂತು ತಾವು ಅಪ್ಪಣೆ ಕೊಡಿಸಿದಿರಿ:

"ಅಮಲು ಬಿಡಿಸೋಕೆ ಅಮಲೇ ಕೊಡ್ತೀರೇನ್ರೀ? ಅಳಲಿ ಬಿಡಿ. ತಾಯಿ ಮಾಡಿದ್ದನ್ನ ಮಗು ಉಣ್ಣುತ್ತೆ."

ಮಗಳು ಕಾಲು ಹಿಡಿದಳು. "ಸಾರ್, ನನ್ನನ್ನ ಏನಾದ್ರೂ ಮಾಡಿ. ಅದೇನು ಪಾಪ ಮಾಡಿದೆ?"

ಕಾಲು ಕೊಡವಿಕೊಂಡು ಸಭೆಗೆ ಹೊರಟಿರಿ.

ನಾನು ದಿನಬೆಳಗಾದರೆ ಕತ್ತು ಕೊಯ್ಯುವವನು. ನಮ್ಮ ಕಸುಬಿಗೂ ನೀತಿಯಿದೆ ಸ್ವಾಮಿ. ಕತ್ತಿ ಮೊಂಡಾಗಿರಬಾರದು, ಒಂದರ ಕಣ್ಣೆದುರು ಇನ್ನೊಂದನ್ನು ಕೊಯ್ಯಬಾರದು, ಜೀವವನ್ನು ನರಳಿಸಬಾರದು. ನರಳಿಸಿದವನನ್ನು ನನ್ನಪ್ಪ ಅಂಗಡಿಯಿಂದ ಒದ್ದು ಓಡಿಸುತ್ತಿದ್ದ. ನಿಮಗೆ ಕುರ್ಚಿ ಕೊಟ್ಟು ಕೂರಿಸಿದ್ದಾರೆ.

ನೀವು ಸಭೆಗೆ ಹೋದ ಮೇಲೆ ಬಂದ ಫಿಟ್ಸ್ ಇಳಿದಾಗ ಕೂಸಿನ ತುಟಿ ನೀಲಿಗಟ್ಟಿತ್ತು. "ಹನಿ ಈಗಲೇ ಬೇಕು. ಇನ್ನೊಂದು ಸಲ ಬಂದ್ರೆ ತಡ್ಕೊಳ್ಳಲ್ಲ ಇದು," ಎಂದರು ಡಾಕ್ಟರು. ನನ್ನ ಅಂಗಡಿ ನಿಮ್ಮ ಗೇಟಿನ ಎದುರಿಗೇ ಇದೆ. ಓಡಿದೆ, ಕತ್ತಿ ತಂದೆ. ಅಡ್ಡ ಬಂದ ಕಾವಲುಗಾರನ ಮುಖಕ್ಕೆ ಗುದ್ದಿದೆ, ಹಲ್ಲು ಮುರಿಯಿತು. ಮೂಳೆ ಬಿಟ್ಟು ಸಂದು ನೋಡಿ ಹೊಡೆಯುವುದು ಅಭ್ಯಾಸ, ಬೀರುವಿನ ಬಾಗಿಲು ಕಳಚಿ ಬಿತ್ತು. ಔಷಧಿಯನ್ನು ನಾನು ಮುಟ್ಟಲಿಲ್ಲ. ಡಾಕ್ಟರೇ ಅಳೆದು ಕೊಟ್ಟರು. ಸ್ವಲ್ಪ ಹೊತ್ತಿಗೆ ಕೂಸು ಮುಷ್ಟಿ ಸಡಿಲಿಸಿ, ಹುಟ್ಟಿದ ಮೇಲೆ ಮೊದಲ ಸಲ ನೆಮ್ಮದಿಯಾಗಿ ನಿದ್ದೆ ಮಾಡಿತು. ಅಯ್ಯೋ, ಆ ನಿದ್ದೆ ನೋಡಿ ನಾನು ಹೆಂಗಸರಿಗಿಂತ ಹೆಚ್ಚಾಗಿ ಅತ್ತೆ.

ತಾವು ಬಂದವರು ಮಾಡಿಸಿದ್ದೇನು? ಹಸಿ ಬಾಣಂತಿಯನ್ನು ಜಡೆ ಹಿಡಿದು ವಾರ್ಡಿನಿಂದ ಹೊರಗೆ ಎಳೆಸಿದಿರಿ. ಹೊಲಿಗೆ ಬಿಚ್ಚಿ ಮೆಟ್ಟಿಲುದ್ದಕ್ಕೂ ರಕ್ತ. ಈಗ ಬೀರುವಿಗೆ ಹೊಸ ಬೀಗ, ತಾಯಿಗೆ ಒಳಗೆ ಪ್ರವೇಶವಿಲ್ಲ, ನಾಳೆಯಿಂದ ಹನಿ ಬಂದ್! ಹಠಾತ್ತನೆ ನಿಲ್ಲಿಸಿದರೆ ಮತ್ತೆ ಫಿಟ್ಸ್ ಬರಬಹುದೆಂದು ನಿಮ್ಮ ಡಾಕ್ಟರೇ ಬಡಿದುಕೊಂಡರೂ ನಿಮಗೆ ಕೇಳಿಸದು. ರಕ್ತಪಿಪಾಸು ಯಾರು?

ಕೀಲಿಕೈಯನ್ನು ಮಕ್ಕಳ ಡಾಕ್ಟರ ಕೈಗೆ ಕೊಡಿ. ಹನಿ ಅವರು ಹೇಳಿದಂತೆಯೇ ಇಳಿಯಲಿ. ಗೇಟಿನ ಬಳಿ ಎದೆಹಾಲು ಸೋರಿ ರವಿಕೆ ನೆನೆಸಿಕೊಂಡು ಕೂತಿರುವ ನನ್ನ ಮಗಳನ್ನು ಇವತ್ತೇ ಒಳಗೆ ಬಿಡಿ. ನನ್ನನ್ನು ಜೈಲಿಗೆ ಹಾಕಿಸಿ, ಬರುತ್ತೇನೆ. ಕಾವಲುಗಾರನ ಕ್ಷಮೆ ಕೇಳುತ್ತೇನೆ, ಪಾಪ, ಹೊಟ್ಟೆಪಾಡಿನವನು. ನಿಮ್ಮ ಕ್ಷಮೆ ಕೇಳೆನು.

ಇಲ್ಲ, ಆಗುವುದಿಲ್ಲ, ಹನಿ ನಿಂತೇ ನಿಲ್ಲುತ್ತದೆ ಎನ್ನುವುದಾದರೆ ಒಂದು ಉಪಕಾರ ಮಾಡಿ. ಕೂಸಿಗೆ ಹೆಚ್ಚುಕಮ್ಮಿಯಾದರೆ ಅದನ್ನು ನರ್ಸಮ್ಮನ ಕೈಯಲ್ಲಿ ಕಳಿಸಬೇಡಿ. ನೀವೇ ಎತ್ತಿಕೊಂಡು ಗೇಟಿನವರೆಗೂ ನಡೆದು ಬಂದು, ಅವಳ ತಾಯಿಯ ಮಡಿಲಿಗೆ ಹಾಕಿ.

ಇಂತಿ,
ಬೀರು ಒಡೆದರೂ ಮೊಮ್ಮಗಳನ್ನು ಇನ್ನೂ ಎತ್ತಿಕೊಳ್ಳಲಾಗದ ತಾತ