ತಮ್ಮನ ರೆಕಾರ್ಡಿನಲ್ಲಿ ನನ್ನ ದನಿ

ಅಕ್ಟೋಬರ್ ೧೩, ಭಾನುವಾರ

ಅಮ್ಮನ ಮೂರನೆಯ ವರ್ಷದ ಪೂಜೆ ಮುಗಿಯಿತು. ತಮ್ಮ ನೊರಿಹಿಕೊ ಬಂದಿದ್ದ. ‘ತುಕ್ಕುಮೊಳೆ’ ಎಂಬ ತಂಡದಲ್ಲಿ ಮೂವತ್ತೊಂದು ವರ್ಷದಿಂದ ಡ್ರಮ್ಮು ಬಡಿಯುತ್ತಿರುವವನು, ಅಮ್ಮನ ಶವಸಂಸ್ಕಾರಕ್ಕೆ ಬಿಡುವಾಗದವನು. ಹೊಸ ರೆಕಾರ್ಡು ತಂದಿದ್ದ. ಮನೆಗೆ ಬಂದದ್ದೆಲ್ಲ ಮೊದಲು ಹಿರಿಯರಿಗೆ. ಒಳಗೇನಿದೆಯೆಂದು ಕೇಳದೆ ಬುದ್ಧನ ಗೂಡಿನ ಮುಂದಿಟ್ಟು ಗಂಟೆ ಬಾರಿಸಿದೆ.

ಊಟವಾದ ಮೇಲೆ ಅವನೇ ಅದನ್ನು ಹಾಕಿ ಕೇಳಿಸಿದ. ತಗಡು ಗೀರಿದಂಥ ಗದ್ದಲ, ಅದರೊಳಗೆ ಅಮ್ಮನ ನಾಮಜಪ. ಆಮೇಲೆ ನನ್ನ ದನಿ: “ಗಂಜಿ ನುಂಗಮ್ಮಾ. ನಿನ್ನಿಂದ ನನ್ನ ಜನ್ಮವೇ ಹೋಯ್ತು.”

ಪೂಜೆಗೆ ಬಂದಿದ್ದ ದೇವಾಲಯದ ಗುರುಗಳು ಚಹಾದ ಬಟ್ಟಲನ್ನು ಕೆಳಗಿಟ್ಟರು.

“ದನಿ ಚೆನ್ನಾಗಿ ಬಂದಿದೆ ಕಣೇ ಫುಸಾಯೆ,” ಎಂದಳು ಚಿಕ್ಕಮ್ಮ.

“ಕೋಪ ಮಾಡ್ಕೋಬೇಡ ಅಕ್ಕಾ,” ಎಂದ ಇವನು. “ಓಸಾಕಾದಲ್ಲಿ ಇದನ್ನ ನುಡಿಸಿದಾಗ ಜನ ಉಸಿರು ಬಿಗಿಹಿಡಿಯೋದು ಅಲ್ಲೇ.”

“ಒಂಬತ್ತು ವರ್ಷ ತಿನ್ನಿಸಿದೀನಿ ಕಣೋ. ಹಾಗಂದಿದ್ದು ಒಂದೇ ದಿನ.”

“ಆ ದಿನ ನಾನಿದ್ದೆ, ಅಷ್ಟೇ.”

ಹೌದು, ಇದ್ದ. ಆ ವಾರವೆಲ್ಲ ಅಮ್ಮನ ಹಾಸಿಗೆಯ ಪಕ್ಕ ಕಣ್ಣು ಮುಚ್ಚಿ ಕೂತಿದ್ದ. ಕೊನೆಗೂ ಇವನಿಗೆ ಭಕ್ತಿ ಬಂತೆಂದು ನಾನು ದೇವಾಲಯಕ್ಕೆ ಹೋಗಿ ದೀಪ ಹಚ್ಚಿ ಬಂದಿದ್ದೆ. ರೆಕಾರ್ಡಿಂಗ್ ಯಂತ್ರ ಹೊದಿಕೆಯಡಿಯಲ್ಲಿತ್ತಂತೆ.

ನನ್ನ ಮಾತಿನ ಹಿಂದೆಯೇ ಅಮ್ಮ ಮೆಲ್ಲಗೆ, “ಆಗಲಿ ತಾಯಿ, ನುಂಗ್ತೀನಿ,” ಎನ್ನುತ್ತಾಳೆ. ಅಂದು ನಾನು ಪಾತ್ರೆ ತೊಳೆಯಲು ಎದ್ದು ಹೋಗಿದ್ದೆ. ಅದನ್ನು ಕೇಳಿದ್ದು ಇಂದೇ.

ರೆಕಾರ್ಡು ಮತ್ತೆ ಗೂಡಿನ ಮುಂದಿದೆ. ಬಿಸಾಡಲಾರೆ, ಅಮ್ಮನ ಉತ್ತರ ಅದರಲ್ಲಿದೆ. ಅದನ್ನು ಕೇಳಬೇಕೆಂದರೆ ಮೊದಲು ನನ್ನನ್ನು ನಾನೇ ಕೇಳಿಸಿಕೊಳ್ಳಬೇಕು.